ಕಳೆಯುವ ಲೆಕ್ಕ ಹೇಳಿಕೊಟ್ಟ ಮೇಷ್ಟ್ರಿಗೆ

ಕೋಲಾರದಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿರುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಕಳೆಯುವ ಲೆಕ್ಕ ಕಲಿಸುವ ಬಗೆ ತೋರಿಸಿ, ಹೆಸರೂ ಹೇಳದೆ ಹೋದ ನಿವೃತ್ತ ಮೇಷ್ಟ್ರೇ, ನಿಮಗೆ ಮನಸಾರೆ ಧನ್ಯವಾದ.

302ರಲ್ಲಿ 147 ಕಳೆಯಲು ಕೊಟ್ಟರೆ ಎಷ್ಟೋ ಮಕ್ಕಳು 245 ಎಂದು ಬರೆಯುತ್ತಾರೆ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಡುತ್ತಾರೆ. ತಪ್ಪು ಗುರುತು ಹಾಕುವ ಮೊದಲು ‘ಹೇಗೆ ಮಾಡಿದೆ, ಹೇಳು’ ಅನ್ನಿ ಎಂದಿರಿ. ಆಮೇಲೆ ಕಡ್ಡಿ: ನೂರರ ಮೂರು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟರೆ 302. ನೂರರ ಒಂದು ಕಟ್ಟು ಬಿಚ್ಚಿದರೆ ಹತ್ತರ ಹತ್ತು ಕಟ್ಟು. ಅದರಲ್ಲೊಂದನ್ನು ಬಿಚ್ಚಿದರೆ ನೂರು 2, ಹತ್ತು 9, ಬಿಡಿ 12. ಸೊನ್ನೆಯ ಜಾಗಕ್ಕೆ 9 ಎಲ್ಲಿಂದ ಬಂತೆಂದು ಮಗುವಿಗೆ ಕೈಯಲ್ಲೇ ಸಿಗುತ್ತದೆ. ನೂರರ ಕಟ್ಟಿನೊಳಗೆ ಹತ್ತರ ಕಟ್ಟುಗಳೇ ಇರಬೇಕು. ನೂರು ಬಿಡಿ ಕಡ್ಡಿ ಸೇರಿಸಿ ಕಟ್ಟಿದರೆ ನಡುವಿನ ಹಂತವೇ ಕಾಣದು. ಇಷ್ಟು ಮುಖ್ಯವಾದ ಮಾತನ್ನು ಎಷ್ಟು ಸರಳವಾಗಿ ಹೇಳಿದಿರಿ! ಕಟ್ಟು ಬಿಚ್ಚಿದೊಡನೆ ಸ್ಲೇಟಿನಲ್ಲೂ ಬರೆಸಬೇಕೆಂಬ ನಿಮ್ಮ ಹಟವೂ ಸರಿ. ಇಲ್ಲದಿದ್ದರೆ ಕಡ್ಡಿ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಉಳಿದುಬಿಡುತ್ತದೆ.