ಹದಿನಾರರ ಹುಡುಗಿ ಹದಿನಾರರವಳಾಗಿಯೇ ಇರಲಿ

ಮಾನ್ಯ ಸಂಪಾದಕರೇ,

ಸ್ವೀಡನ್ನಿನಂಥ ದೇಶಗಳ ಚಿತ್ರಗಳು ಮೊಬೈಲಿನಲ್ಲಿ ಸಿಗುವಂತಾದ ಮೇಲೆ ನಮ್ಮ ಪಿಯುಸಿ ಮಕ್ಕಳು ದಾರಿ ತಪ್ಪುತ್ತಿದ್ದಾರೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಆಕ್ಷೇಪಿಸಿದ್ದರು. ಶಿರಸಿಯಲ್ಲಿ ಬಹುಕಾಲ ಆ ವಯಸ್ಸಿನವರಿಗೆ ಪಾಠ ಹೇಳಿದ, ಅಂಥ ಕೆಲವು ಚಿತ್ರಗಳನ್ನು ನೋಡಿಯೂ ಇರುವ ನನಗೆ ಆ ಮಾತು ನೋವುಂಟುಮಾಡಿದೆ.

ಲುಕಾಸ್ ಮೂಡಿಸನ್ 1998ರಲ್ಲಿ ನಿರ್ದೇಶಿಸಿದ, ಹೊರದೇಶಗಳಲ್ಲಿ 'ಶೋ ಮಿ ಲವ್' ಎಂಬ ಹೆಸರಿನಿಂದ ಪರಿಚಿತವಾದ ಚಿತ್ರ, ಓಮೋಲ್ ಎಂಬ ಸಣ್ಣ ಪಟ್ಟಣದ ಇಬ್ಬರು ಹುಡುಗಿಯರ ನಡುವೆ ಮೂಡುವ ಪ್ರೀತಿಯ ಕಥೆ. ಅದರಲ್ಲಿ ಕುಡಿತವಿದೆ, ಬೈಗುಳವಿದೆ, ನಿಜ. ಆದರೆ ಆಗ್ನೆಸ್‌ಳ ಹದಿನಾರನೆಯ ಹುಟ್ಟುಹಬ್ಬದ ಸಂಜೆಯನ್ನು ನೋಡಬೇಕು. ಮನೆಯವರು ಊಟ ಸಿದ್ಧಪಡಿಸಿ ಕಾಯುತ್ತಾರೆ. ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬ ಗೆಳತಿಯ ಹೊರತು ಯಾರೂ ಬರುವುದಿಲ್ಲ. ಅವಮಾನ ತಾಳಲಾರದ ಆಗ್ನೆಸ್, ಬಂದ ಆ ಒಬ್ಬಳ ಮೇಲೆಯೇ ಕ್ರೂರವಾಗಿ ಹರಿಹಾಯುತ್ತಾಳೆ. ನಿರ್ದೇಶಕರು ಅವಳ ಕ್ರೌರ್ಯವನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ಅವಳನ್ನು ಕೆಟ್ಟವಳೆಂದು ಸಾರುವುದೂ ಇಲ್ಲ. ಎಲ್ಲೆಡೆ ಹಳತಾದ ಮೇಲಷ್ಟೇ ಹೊಸದೇನಿದ್ದರೂ ತಮ್ಮೂರಿಗೆ ಬರುತ್ತದೆ ಎಂಬುದು ಇನ್ನೊಬ್ಬ ಹುಡುಗಿ ಎಲಿನ್‌ಳ ದೂರು. ಹಳೆ ಬಸ್ ನಿಲ್ದಾಣದಲ್ಲಿ ಹುಲೇಕಲ್ ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು, "ಎಲ್ಲ ಮುಗ್ದ ಮೇಲೆ ನಮ್ಮೂರಿಗೆ ಬರ್ತದೆ ಮೇಡಂ" ಎಂದು ಚೀಲದ ಪಟ್ಟಿ ಹಿಂಡುತ್ತ ಹೇಳಿದ್ದು ಆಗ ನೆನಪಾಯಿತು. ಅಂದು ನಾನು ಅವಳಿಗೆ ಪರೀಕ್ಷೆಯ ಬಗ್ಗೆ ಬುದ್ಧಿ ಹೇಳಿ ಕಳಿಸಿದ್ದೆ.

ಹರೆಯದವರನ್ನು ದೂಷಿಸದೆ ಇದ್ದಂತೆಯೇ ತೋರಿಸುವುದು ಆ ಒಂದು ಚಿತ್ರದ ಗುಣವಷ್ಟೇ ಅಲ್ಲ. ರಾಯ್ ಆಂಡರ್ಸನ್ 1970ರಲ್ಲಿ ಮಾಡಿದ 'ಎ ಸ್ವೀಡಿಷ್ ಲವ್ ಸ್ಟೋರಿ'ಯಲ್ಲಿ ಪ್ರೀತಿಸುವ ಮಕ್ಕಳಿಗಿಂತ ಅವರ ಸುತ್ತಲಿನ ಹಿರಿಯರೇ ಹೆಚ್ಚು ಸೋತು ಹೋದವರು.

ನನ್ನನ್ನು ಬಹಳ ಕಲಕಿದ್ದು ಅಮಾಂಡಾ ಕೆರ್ನೆಲ್ ಅವರ 2016ರ 'ಸಾಮಿ ಬ್ಲಡ್'. 1930ರ ದಶಕದಲ್ಲಿ, ಹಿಮಸಾರಂಗ ಸಾಕುವ ಸಾಮಿ ಬುಡಕಟ್ಟಿನ ಹದಿನಾಲ್ಕರ ಹುಡುಗಿ ವಸತಿ ಶಾಲೆಯಲ್ಲಿ ಓದುತ್ತಿರುವಾಗ, ಜನಾಂಗ ಸಂಶೋಧನೆಯ ಹೆಸರಿನಲ್ಲಿ ಬಂದವರು ಅವಳ ತಲೆಯನ್ನು ಅಳೆದು, ಬಟ್ಟೆ ಬಿಚ್ಚಿಸಿ ಛಾಯಾಚಿತ್ರ ತೆಗೆಯುತ್ತಾರೆ. ಆ ಪಾತ್ರವನ್ನು ಮಾಡಿದವರು ಅದೇ ಸಮುದಾಯದ ಹುಡುಗಿ ಲೆನೆ ಸಿಸಿಲಿಯಾ ಸ್ಪಾರೊಕ್. ತಂಗಿಯಾಗಿ ನಟಿಸಿದವಳು ಅವರ ಸ್ವಂತ ತಂಗಿ. ತನ್ನವರ ಭಾಷೆ, ಉಡುಗೆಗಳಿಗೆ ನಾಚಿ ದೂರ ಓಡುವ ಆ ಹುಡುಗಿಯನ್ನು ನೋಡುವಾಗ, ಯಲ್ಲಾಪುರ, ಹಳಿಯಾಳಗಳ ಕಾಡಂಚಿನಿಂದ ಹಾಸ್ಟೆಲಿಗೆ ಬಂದು ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತಿದ್ದ ಸಿದ್ದಿ ಮಕ್ಕಳ ಮುಖಗಳು ಕಣ್ಣ ಮುಂದೆ ಬಂದವು.

ನಮ್ಮ ಜನಪ್ರಿಯ ಚಿತ್ರಗಳಲ್ಲಿಯೋ, ಇಪ್ಪತ್ತೈದು ದಾಟಿದವರು ಸಮವಸ್ತ್ರ ತೊಟ್ಟು ಕಾಲೇಜು ಹುಡುಗರಾಗುತ್ತಾರೆ. ಈ ಜಿಲ್ಲೆಗೆ ಚಿತ್ರೀಕರಣಕ್ಕೆ ಬರುವವರ ಕ್ಯಾಮೆರಾ ಕಾರವಾರದ ಕಡಲು, ಘಟ್ಟದ ಜಲಪಾತಗಳನ್ನು ಹುಡುಕುತ್ತದೆಯೇ ಹೊರತು ಇಲ್ಲಿನ ಮಕ್ಕಳನ್ನಲ್ಲ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು, ಆಕ್ಷೇಪಿಸಿದ ಓದುಗರು ತಮ್ಮ ಮನೆಯ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರಗಳಲ್ಲಿ ಒಂದನ್ನಾದರೂ ನೋಡಲಿ, ಮುಗಿದ ಮೇಲೆ ಅವಳೇನು ಹೇಳುತ್ತಾಳೆಂದು ಕೇಳಲಿ ಎಂದು ವಿನಂತಿಸುತ್ತೇನೆ.

— ನಿವೃತ್ತ ಉಪನ್ಯಾಸಕಿ, ಶಿರಸಿ