ಅಟ್ಟದ ಮೇಲಿನ ಹತ್ತು ಗೋಣಿ: ಗೆಳೆಯನಿಗೊಂದು ಪತ್ರ

ಉಡುಪಿ,
ಆಟಿ ತಿಂಗಳ ಒಂದು ಬೆಳಿಗ್ಗೆ

ಪ್ರಿಯ ಸದಾಶಿವ,

ಮೊನ್ನೆ ನೀನು ಮಂಗಳೂರಿನಿಂದ ಫೋನು ಮಾಡಿ, ಕುಶಲ ವಿಚಾರಿಸುವ ಮೊದಲೇ "ಮಾರಾಯಾ, ಅಡಿಕೆ ಕೊಡುದಾ, ಇಡುದಾ? ಒಂದು ಹೇಳು" ಎಂದು ಕೇಳಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವನಿಗೆ ಅಡಿಕೆಯ ಧಾರಣೆ ತಿಳಿದಿರಬೇಕೆಂದು ನಿನಗೆ ಏಕೆ ಅನ್ನಿಸಿತೋ ಕಾಣೆ. ಏನೋ ಒಂದು ಹೇಳಿ ಮಾತು ತೇಲಿಸಿದೆ. ಧಾರಣೆ ಏರುತ್ತದೋ ಇಳಿಯುತ್ತದೋ ಇಂದಿಗೂ ಹೇಳಲಾರೆ. ಅದು ತಿಳಿಯದೆ ಕುಳಿತವನ ತಲೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಒಂದು ವರ್ಷ ಆ ತಲೆ ನನ್ನದೇ ಆಗಿತ್ತು.

ಕಾರ್ಕಳದ ಕಡೆಯ ನಮ್ಮ ಎರಡು ಎಕರೆ ತೋಟವನ್ನು ನೀನು ನೋಡಿದ್ದೀಯಲ್ಲ. ಆ ವರ್ಷ ನಲವತ್ತು ದಿನ ಅಂಗಳದಲ್ಲಿ ಒಣಗಿಸಿ, ಸುಲಿಸಿ, ಕಟ್ಟಿ ಅಟ್ಟಕ್ಕೇರಿಸಿದ ಚಾಲಿ ಅಡಿಕೆ ಹತ್ತು ಗೋಣಿಯಿತ್ತು. ಧಾರಣೆ ಕೆಜಿಗೆ ಐನೂರು ದಾಟಿದ ದಿನ ನಾನು ವ್ಯಾಪಾರಿಯ ಅಂಗಡಿಯಲ್ಲೇ ನಿಂತಿದ್ದೆ. ಐನೂರೈವತ್ತಾಗಲಿ ಎಂದುಕೊಂಡು ಕೊಡದೆ ಬಂದೆ. ಮುಂದಿನ ವಾರ ನಾನೂರ ತೊಂಬತ್ತು, ಅದರ ಮುಂದಿನ ವಾರ ನಾನೂರ ಎಪ್ಪತ್ತು. ಅಷ್ಟರಲ್ಲಿ ನನ್ನ ಆಸೆ ಕುಗ್ಗಿ, "ಮತ್ತೆ ಐನೂರಕ್ಕೆ ಬಂದರೆ ಸಾಕು, ಕೊಟ್ಟುಬಿಡುತ್ತೇನೆ" ಎಂಬಲ್ಲಿಗೆ ಬಂದು ನಿಂತಿತ್ತು. ಹಿಂದೊಮ್ಮೆ ಮುನ್ನೂರೈವತ್ತಕ್ಕೆ ಕೊಟ್ಟು ಸಂತೋಷದಿಂದ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದವನು ನಾನೇ ಎಂಬುದು ಮರೆತೇ ಹೋಗಿತ್ತು. ನಾನೂರ ಎಪ್ಪತ್ತು ಈಗ ಮೂವತ್ತು ರೂಪಾಯಿಯ ನಷ್ಟವಾಗಿಯೇ ಕಾಣುತ್ತಿತ್ತು.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1974ರ ತಮ್ಮ ಲೇಖನದಲ್ಲಿ ವಿವರಿಸಿದ ಒಂದು ಪ್ರಯೋಗವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಜಾತ್ರೆಯಲ್ಲಿರುವಂಥ ಅಂಕಿಗಳ ಚಕ್ರವೊಂದನ್ನು ಜನರೆದುರು ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕಾದವು ನೂರಕ್ಕೆ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ಕಂಡವರ ಉತ್ತರ 25ರ ಸುತ್ತ, 65ಕ್ಕೆ ನಿಂತದ್ದನ್ನು ಕಂಡವರದ್ದು 45ರ ಸುತ್ತ. ಚಕ್ರಕ್ಕೂ ವಿಶ್ವಸಂಸ್ಥೆಗೂ ಎತ್ತಣ ಸಂಬಂಧ ಎಂದು ಮಕ್ಕಳು ನಗುತ್ತಿದ್ದರು; ಅವರೊಡನೆ ನಾನೂ ನಗುತ್ತಿದ್ದೆ. ಆದರೆ ವ್ಯಾಪಾರಿಯ ಹಲಗೆಯ ಮೇಲೆ ಒಂದೇ ದಿನ ಇದ್ದು ಅಳಿಸಿಹೋದ ಐನೂರೆಂಬ ಅಂಕಿ ನನ್ನ ತಲೆಯಲ್ಲಿ ಗೂಟ ಹೊಡೆದು ಕುಳಿತದ್ದು ಆಗ ನನಗೆ ಹೊಳೆಯಲೇ ಇಲ್ಲ. ಲಾಭ ನಷ್ಟಗಳನ್ನು ಮನುಷ್ಯ ತಾನು ಹಿಡಿದುಕೊಂಡ ಒಂದು ಗುರುತಿನಿಂದ ಅಳೆಯುತ್ತಾನೆ, ಕಳೆದುಕೊಂಡ ನೂರು ರೂಪಾಯಿ ಗಳಿಸಿದ ನೂರಕ್ಕಿಂತ ಮನಸ್ಸಿನಲ್ಲಿ ಹೆಚ್ಚು ತೂಗುತ್ತದೆ ಎಂದು ಅದೇ ಇಬ್ಬರು 1979ರಲ್ಲಿ ತೋರಿಸಿದ್ದರು. ಇದನ್ನು ಪರೀಕ್ಷೆಗೆ ಪ್ರಶ್ನೆಯಾಗಿ ಕೊಟ್ಟು ಅಂಕ ಕತ್ತರಿಸಿದವನೂ ನಾನೇ.

ಇದಕ್ಕೆ ಪ್ರತಿಯಾಗಿ ನನ್ನ ಅಪ್ಪ ಅಡಿಕೆಯನ್ನು ಇಟ್ಟವರೇ ಅಲ್ಲ. ಒಣಗಿದ್ದು ಸುಲಿದು ಮುಗಿಯುವುದೇ ತಡ, ಸಿಕ್ಕಿದ ಧಾರಣೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹಳೆ ಅಡಿಕೆಗೆ ಹೊಸದಕ್ಕಿಂತ ಹೆಚ್ಚು ಬೆಲೆ, ಇನ್ನೊಂದು ವರ್ಷ ಇಟ್ಟು ಡಬಲ್ ಚೋಲ್ ಮಾಡಿದರೆ ಇನ್ನೂ ಹೆಚ್ಚು ಎಂದು ನಾನು ಲೆಕ್ಕ ಹೇಳಿದರೆ "ನೀನು ಆ ಕಾಲ ಕಂಡಿಲ್ಲ" ಎಂದಷ್ಟೇ ಹೇಳುತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿ, ಅಡಿಕೆ ಕೇಳುವವರಿಲ್ಲದಂತಾದ ಕಾಲವದು. ಬೆಳೆಗಾರರ ಆ ಸಂಕಟದಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಸಂಸ್ಥೆ ಬಂದು ಬೆಲೆಗೊಂದು ಆಸರೆ ಸಿಕ್ಕಿದ ಮೇಲೂ ಅಪ್ಪನ ಹೊಟ್ಟೆಯೊಳಗಿನ ಭಯ ಹೋಗಲಿಲ್ಲ. ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೀಫನ್ ನಾಗೆಲ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಕುಟುಂಬಗಳ ಹಲವು ದಶಕಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ತಮ್ಮ ಬದುಕಿನಲ್ಲಿ ಷೇರುಪೇಟೆಯ ಕೆಟ್ಟ ದಿನಗಳನ್ನು ಕಂಡವರು, ಆ ದಿನಗಳು ಕಳೆದು ಎಷ್ಟೋ ಕಾಲವಾದರೂ ಷೇರಿಗೆ ಹಣ ಹಾಕಲು ಹಿಂಜರಿಯುತ್ತಾರೆ. ಓದಿ ತಿಳಿದ ಕುಸಿತ ಬೇರೆ, ಮೈಮೇಲೆ ಬಂದ ಕುಸಿತ ಬೇರೆ. ಅಪ್ಪನದು ಹೆದರಿಕೆ, ನನ್ನದು ಲೆಕ್ಕಾಚಾರ ಎಂದು ನಾನು ಬಹಳ ಕಾಲ ನಂಬಿದ್ದೆ. ಅವರು ಕುಸಿತ ಕಂಡು ಹೆದರಿದವರು, ನಾನು ಏರಿಕೆ ಕಂಡು ಸೊಕ್ಕಿದವನು. ಮುಂದಿನ ತಿಂಗಳ ಧಾರಣೆಯ ಬಗ್ಗೆ ಇಬ್ಬರಿಗೂ ಇದ್ದ ಜ್ಞಾನ ಮಾತ್ರ ಒಂದೇ ಆಗಿತ್ತು.

ಅಂತೂ ಐದು ತಿಂಗಳು ನಾನು ದಿನಕ್ಕೆ ನಾಲ್ಕು ಬಾರಿ ಮೊಬೈಲಿನಲ್ಲಿ ಧಾರಣೆ ನೋಡಿದೆ. ವಾರಕ್ಕೊಮ್ಮೆ ಏಣಿ ಹತ್ತಿ, ಗೋಣಿಗೆ ಕೈಹಾಕಿ, ಒಂದೊಂದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಸೀಳಿ ನೋಡುತ್ತಿದ್ದೆ. ಒಂದು ದಿನ ಮೂಲೆಯ ಗೋಣಿಯ ಬುಡದಲ್ಲಿ ಅಕ್ಕಿಹಿಟ್ಟಿನಂಥ ಪುಡಿ ಕಾಣಿಸಿತು. ಬೆರಳಲ್ಲಿ ಮುಟ್ಟಿದರೆ ಸಣ್ಣ ಕಂದು ಹುಳವೊಂದು ಹರಿದು ಹೋಯಿತು. ಅದೇ ಸಂಜೆ ಭಾವ ಫೋನು ಮಾಡಿ, ಭೂತಾನದಿಂದ ಅಡಿಕೆ ಬರುತ್ತದಂತೆ, ಇನ್ನು ನಮ್ಮದನ್ನು ಮೂಸುವವರಿಲ್ಲ ಎಂದರು. ಸುದ್ದಿ ಸುಳ್ಳಲ್ಲ. 2022ರಲ್ಲಿ ಕೇಂದ್ರ ಸರಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಅನುಮತಿ ಕೊಟ್ಟಿತ್ತು. ಆದರೆ ನಮ್ಮ ದೇಶದಲ್ಲಿ ಬೆಳೆಯುವ ಅಡಿಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಅದರೆದುರು ಈ ಹದಿನೇಳು ಸಾವಿರ ನೂರಕ್ಕೆ ಎರಡರಷ್ಟೂ ಆಗುವುದಿಲ್ಲ, ಹಸಿಯದು ಒಣಗಿದರೆ ತೂಕ ಇನ್ನೂ ಇಳಿಯುತ್ತದೆ. ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು, ಮಾಡಲಿಲ್ಲ. ಕಣ್ಣಮುಂದೆ ಇದ್ದದ್ದು ಲಾರಿಗಳ ಸಾಲು ಮತ್ತು ಆ ಹುಳ. ಮರುದಿನ ಬೆಳಿಗ್ಗೆ ಪಿಕಪ್ ಕರೆಸಿ, ಐನೂರಕ್ಕಿಂತ ಎಪ್ಪತ್ತು ರೂಪಾಯಿ ಕಡಿಮೆಗೆ ಹತ್ತೂ ಗೋಣಿ ಕೊಟ್ಟುಬಿಟ್ಟೆ.

ಸದಾಶಿವ, ನಿನಗೆ ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಆ ರಾತ್ರಿಯ ಸಂಗತಿ. ಐದು ತಿಂಗಳಲ್ಲಿ ಮೊದಲ ಬಾರಿ ನನಗೆ ಸೊಗಸಾದ ನಿದ್ದೆ ಬಂತು, ಮತ್ತು ಬೆಳಿಗ್ಗೆ ಏಳುವಾಗ, ಸರಿಯಾದ ತೀರ್ಮಾನ ಮಾಡಿದೆ ಎಂಬ ಪೂರ್ಣ ನಂಬಿಕೆಯೂ ಹುಟ್ಟಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 45 ಮಂದಿಯ ಮೇಲೆ ಒಂದು ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಕಲ್ಲುಗಳು. ಕಲ್ಲಿನಡಿ ಹಾವಿದ್ದರೆ ಕೈಗೆ ನೋವಾಗುವಂತೆ ವಿದ್ಯುತ್ತಿನ ಹೊಡೆತ. ಹಾವು ಇದ್ದೇ ಇದೆ, ಹೊಡೆತ ಬಿದ್ದೇ ಬೀಳುತ್ತದೆ ಎಂದು ತಿಳಿದ ಹೊತ್ತಿಗಿಂತ, ಇರಲೂಬಹುದು ಇಲ್ಲದಿರಲೂಬಹುದು ಎಂಬ ಅರ್ಧಂಬರ್ಧ ಸ್ಥಿತಿಯಲ್ಲೇ ಬೆವರು ಹೆಚ್ಚು, ಕಣ್ಣಪಾಪೆ ಹಿಗ್ಗಿದ್ದೂ ಹೆಚ್ಚು. ನಾನು ಎಪ್ಪತ್ತು ರೂಪಾಯಿ ತೆತ್ತು ಕೊಂಡದ್ದು ಆ ಸ್ಥಿತಿಯಿಂದ ಬಿಡುಗಡೆಯನ್ನು. ಆ ನೆಮ್ಮದಿಯನ್ನೇ ನಾನು ತೀರ್ಮಾನ ಸರಿಯಾದದ್ದಕ್ಕೆ ಸಾಕ್ಷಿಯೆಂದು ತಿಳಿದೆ. ಇದಾದ ಮೇಲೆ ಮೂರು ತಿಂಗಳು ನಾನು ಧಾರಣೆಯ ಪುಟವನ್ನು ತೆರೆದೇ ನೋಡಲಿಲ್ಲ ಎಂಬುದನ್ನು ನಾಚಿಕೆಯಿಂದ ಸೇರಿಸುತ್ತೇನೆ.

ನಂಬಿಕೆಯೂ ಹೀಗೆಯೇ ಹುಟ್ಟುತ್ತದೆ ಎಂದು ನನಗೆ ಅನ್ನಿಸುತ್ತದೆ. ಆ ನಡುವೆ ಮನೆಯ ದೈವಕ್ಕೆ ತಂಬಿಲ ಕೊಟ್ಟ ವಾರ ಧಾರಣೆ ಐದು ರೂಪಾಯಿ ಏರಿತ್ತು. ಎರಡಕ್ಕೂ ಗಂಟು ಹಾಕಲು ನನಗೆ ಅರೆಕ್ಷಣವೂ ಬೇಕಾಗಲಿಲ್ಲ. ಟ್ರೋಬ್ರಿಯಂಡ್ ದ್ವೀಪದವರ ನಡುವೆ ಬಾಳಿದ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ, ಶಾಂತವಾದ ಹಿನ್ನೀರಿನ ಮೀನುಗಾರಿಕೆಗೆ ಅಲ್ಲಿ ಮಂತ್ರವಿಧಿಗಳಿಲ್ಲ, ಅಪಾಯದ ತೆರೆದ ಕಡಲಿಗೆ ಹೋಗುವಾಗ ಮಾತ್ರ ಬಹಳಷ್ಟಿವೆ ಎಂದು ಬರೆದಿದ್ದಾನೆ. ಮಳೆಗಾಲದ ನಿಷೇಧ ಮುಗಿದು ದೋಣಿ ಇಳಿಸುವ ಮೊದಲು ಮಲ್ಪೆಯಲ್ಲಿ ಸಮುದ್ರಪೂಜೆ ನಡೆಯುವಾಗ ನನಗೆ ಅದು ನೆನಪಾಗುತ್ತದೆ. ಇದನ್ನು ಅಜ್ಞಾನವೆಂದು ನಗುವವರಲ್ಲಿ ನಾನಿಲ್ಲ. ಕಡಲಿಗೆ ಹೋಗುವವನಿಗೆ ಕೈ ನಡುಗದಿರುವುದೂ ಒಂದು ಲಾಭವೇ. ಆದರೆ ಬಲೆ ಎಲ್ಲಿ ಬೀಸಬೇಕೆಂಬುದನ್ನು ಅವನು ನೀರು ನೋಡಿಯೇ ನಿರ್ಧರಿಸುತ್ತಾನೆ.

ಹಾಗಾದರೆ ಭಾವನೆಯನ್ನು ಬದಿಗಿಟ್ಟು ಬರಿಯ ಲೆಕ್ಕ ಹಾಕಬೇಕು ಎನ್ನುತ್ತೀಯೇನೋ. ಅದೂ ಆಗದ ಮಾತು. ನರವೈದ್ಯ ಆಂಟೋನಿಯೊ ದಮಾಸಿಯೊ, ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿ ಬುದ್ಧಿ ಚುರುಕಾಗಿಯೇ ಉಳಿದು ಭಾವನೆ ಮಾತ್ರ ಮಂಕಾದ ರೋಗಿಗಳ ಬಗ್ಗೆ ಬರೆದಿದ್ದಾನೆ. ಅಂಥ ಒಬ್ಬನಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಯಾವುದಾದೀತು ಎಂದು ಕೇಳಿದರೆ, ಡೈರಿ ತೆರೆದು, ಬೇರೆ ಕೆಲಸ, ಹವಾಮಾನ ಎಂದೆಲ್ಲ ಕಾರಣಗಳನ್ನು ತೂಗುತ್ತ ಸುಮಾರು ಅರ್ಧ ಗಂಟೆ ಕುಳಿತನಂತೆ. ಎರಡನೆಯ ದಿನ ಬಾ ಎಂದು ವೈದ್ಯನೇ ಹೇಳಿದಾಗ, ಆಗಲಿ ಎಂದು ಎದ್ದು ಹೋದ. ಸಾಕು ಎಂದು ಒಳಗಿನಿಂದ ಹೇಳುವವರಿಲ್ಲದಿದ್ದರೆ ಲೆಕ್ಕಕ್ಕೆ ಕೊನೆಯೇ ಇರುವುದಿಲ್ಲ.

ಈಗ ನಾನು ಮಾಡುತ್ತಿರುವುದು ಇಷ್ಟೇ. ಕೊಯ್ಲಿಗೆ ಮೊದಲು, ಧಾರಣೆಯ ಗೊಡವೆಯಿಲ್ಲದ ಒಂದು ದಿನ, ಡೈರಿಯಲ್ಲಿ ಬರೆದಿಡುತ್ತೇನೆ: ಮೂರರಲ್ಲಿ ಒಂದು ಪಾಲು ಸುಲಿದ ಕೂಡಲೇ, ಒಂದು ಪಾಲು ಚೌತಿಗೆ, ಉಳಿದದ್ದು ದೀಪಾವಳಿ ಕಳೆದು. ಇದರಿಂದ ಹೆಚ್ಚು ದುಡ್ಡು ಬಂದಿದೆ ಎಂದು ಹೇಳಲಾರೆ. ಮೊದಲ ಪಾಲು ಕೊಟ್ಟ ಮರುವಾರವೇ ಧಾರಣೆ ಏರಿ ಕೈ ಹಿಸುಕಿಕೊಂಡದ್ದೂ ಉಂಟು. ನಿನ್ನದು ಎಷ್ಟು ಗೋಣಿ ಇದೆ, ಸೊಸೈಟಿಯ ಸಾಲದ ಕಂತು ಯಾವ ತಿಂಗಳು ಎಂದು ಬರೆ. ಧಾರಣೆ ತಿಳಿಯದಿದ್ದರೂ ಕಂತಿನ ತಾರೀಕು ತಿಳಿದಿದೆಯಲ್ಲ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕೋಣ. ಚೌತಿಯ ಮುಂಚಿನ ಭಾನುವಾರ ಬಿಡುವಾದರೆ ಬಾ. ನಾಲ್ಕು ಗೋಣಿ ಇಳಿಸಲಿಕ್ಕಿದೆ, ಮಳೆಗೆ ಏಣಿ ಜಾರುತ್ತದೆ, ಕೆಳಗೆ ಹಿಡಿಯಲು ಒಬ್ಬರು ಬೇಕು.

ನಿನ್ನ,
ಕೃಷ್ಣ