ಕತೆ ಬರೆದವರು ಎಲ್ಲಿ ಹೋದರು?

ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪ್ರಬಂಧ ಓದಿದೆ. ವಾದದ ಬಗ್ಗೆ ನೀನು ಊರಿಗೆ ಬಂದಾಗ ಜಗಳ ಆಡೋಣ. ಈ ಪತ್ರ ಬರೀ ಅಡಿಟಿಪ್ಪಣಿಗಳ ಬಗ್ಗೆ. ಮುಖ ಸಿಂಡರಿಸಬೇಡ.

ಹತ್ತಾರು ಜನರ ಕತೆಗಳಿರುವ ಸಂಕಲನದಿಂದ ನೀನು ಸಾಲುಗಳನ್ನು ಎತ್ತಿಕೊಂಡಿದ್ದೀಯ. ಟಿಪ್ಪಣಿಯಲ್ಲಿ ಸಂಪಾದಕರ ಹೆಸರಿದೆ, ಸಂಕಲನದ ಹೆಸರಿದೆ, ಪುಟ ಇದೆ. ಕತೆ ಬರೆದವರೇ ಇಲ್ಲ! ಸಂಪಾದಕರು ಆರಿಸಿದವರು, ಅಷ್ಟೇ. ಮೊದಲು ಕತೆಗಾರರ ಹೆಸರು, ಆಮೇಲೆ ಕತೆ, ಅದಾದ ಮೇಲೆ ಪುಸ್ತಕ, ಸಂಪಾದಕರು, ಪ್ರಕಾಶಕರು, ವರ್ಷ. ಆಕರಗಳನ್ನು ನಮೂದಿಸುವ ಎಂ.ಎಲ್.ಎ. ಪದ್ಧತಿಯವರು ಇಂಥ ಪುಸ್ತಕವನ್ನು ‘ಕಂಟೇನರ್’ ಅಂತಲೇ ಕರೆಯುತ್ತಾರೆ. ಒಳಗಿನ ತಿಂಡಿ ಮೊದಲು, ಡಬ್ಬಿ ಆಮೇಲೆ. ಕೊನೆಯ ಗ್ರಂಥಋಣದಲ್ಲಿ ಕತೆ ಶುರುವಾಗಿ ಮುಗಿಯುವ ಪುಟಗಳು ಬರಲಿ. ಪ್ರಬಂಧದ ಒಳಗೆ, ನೀನು ಎತ್ತಿಕೊಂಡ ಸಾಲಿನ ಪುಟ ಮಾತ್ರ ಸಾಕು.

ವರ್ಷದ ವಿಷಯದಲ್ಲಿ ನೀನು ಜಾಸ್ತಿ ಅವಸರ ಮಾಡಿದ್ದೀಯ. ಅನಂತಮೂರ್ತಿಯವರ ‘ಘಟಶ್ರಾದ್ಧ’ಕ್ಕೆ ನಿನ್ನ ಕೈಯಲ್ಲಿರುವ ಹೊಸ ಮುದ್ರಣದ ವರ್ಷವೊಂದೇ ಇದೆ. ಆ ಕತೆ 1963ರ ‘ಪ್ರಶ್ನೆ’ ಸಂಕಲನದ್ದು. ಗಿರೀಶ ಕಾಸರವಳ್ಳಿಯವರ ಸಿನಿಮಾ ಬಂದದ್ದು 1977ರಲ್ಲಿ. ನಿನ್ನ ಟಿಪ್ಪಣಿ ನಂಬಿದವರಿಗೆ ಸಿನಿಮಾ ನೋಡಿ ಕತೆ ಬರೆದ ಹಾಗೆ ಕಾಣುತ್ತದೆ, ಅಲ್ವಾ? ನೀನು ಮಾತಾಡುತ್ತಿರುವುದೇ ಅರವತ್ತರ ದಶಕದ ಬಗ್ಗೆ! ಹಾಗಂತ ಸುಮ್ನೆ 1963 ಎಂದು ಬರೆದು ಹೊಸ ಮುದ್ರಣದ ಪುಟ ಕೊಡಲೂಬೇಡ. ಹಳೇ ಪ್ರತಿ ತೆರೆದವರಿಗೆ ಆ ಪುಟದಲ್ಲಿ ಇನ್ನೇನೋ ಸಿಗುತ್ತದೆ. ಮೊದಲು ಬಂದ ವರ್ಷ ಒಂದು, ನೀನು ಓದಿದ ಮುದ್ರಣದ ವರ್ಷ ಒಂದು, ಎರಡನ್ನೂ ಕೊಡು. ಪುಟ ಮಾತ್ರ ಯಾವತ್ತೂ ನೀನು ಓದಿದ ಪ್ರತಿಯದ್ದೇ.

ಹೆಸರುಗಳಲ್ಲಿ ಗೊಂದಲವಿದೆ. ಮಾಸ್ತಿಯವರನ್ನು ಒಂದು ಕಡೆ ಮಾಸ್ತಿ ಅಂದಿದ್ದೀಯ, ಇನ್ನೊಂದು ಕಡೆ ಶ್ರೀನಿವಾಸ. ಓದುವವರು ಇಬ್ಬರು ಕತೆಗಾರರು ಅಂದುಕೊಳ್ಳುತ್ತಾರೆ. ಒಂದೇ ಹೆಸರಿನಡಿ ಸೇರಿಸಿ, ಕಾವ್ಯನಾಮವನ್ನು ಆವರಣದಲ್ಲಿ ಹಾಕು. ಕುವೆಂಪು ಕುವೆಂಪು ಆಗಿಯೇ ಇರಲಿ. ‘ಪುಟ್ಟಪ್ಪ, ಕೆ.ವಿ.’ ಅಂತ ತಿರುಗಿಸಿ ಬರೆದರೆ ನಮ್ಮವರು ಯಾರೂ ಆ ಅಕ್ಷರದಡಿ ಹುಡುಕುವುದಿಲ್ಲ.

ಬೇಂದ್ರೆಯವರ ‘ನಾಕುತಂತಿ’ ಕವನವೂ ಹೌದು, 1964ರ ಸಂಕಲನವೂ ಹೌದು. ನೀನು ಯಾವುದರ ಬಗ್ಗೆ ಹೇಳುತ್ತಿದ್ದೀಯ ಎಂದು ನನಗೇ ಎರಡು ಕಡೆ ಗೊತ್ತಾಗಲಿಲ್ಲ. ಇಂಗ್ಲಿಷಿನಲ್ಲಿ ಕವನಕ್ಕೆ ಉದ್ಧರಣ ಚಿಹ್ನೆ, ಪುಸ್ತಕಕ್ಕೆ ಓರೆ ಅಕ್ಷರ. ಕನ್ನಡದ ಅಕ್ಷರಗಳನ್ನು ಕಂಪ್ಯೂಟರ್ ಓರೆ ಮಾಡಿದರೆ ನನ್ನ ಕಣ್ಣಿಗಂತೂ ಬಿದ್ದುಹೋದ ಹಾಗೆ ಕಾಣುತ್ತವೆ. ಪುಸ್ತಕಕ್ಕೆ ದಪ್ಪಕ್ಷರ ಬಳಸು, ನಿನ್ನ ಗೈಡ್ ಒಪ್ಪಿದರೆ. ಏನೇ ಆರಿಸಿಕೊಂಡರೂ ಕೊನೆಯವರೆಗೂ ಅದನ್ನೇ ಇಟ್ಟುಕೋ. ಈ ಕವನದಲ್ಲಿ ನಾಲ್ಕು ಭಾಗಗಳಿವೆ. ಪುಟಕ್ಕಿಂತ ಭಾಗ ಮತ್ತು ಸಾಲಿನ ಸಂಖ್ಯೆ ಕೊಟ್ಟರೆ ಯಾವ ಮುದ್ರಣ ಇದ್ದವರಿಗೂ ಸಿಗುತ್ತದೆ.

ವಚನಗಳಿಗೆ ಶೀರ್ಷಿಕೆ ಇಲ್ಲ. ‘ಸ್ಥಾವರ ಮತ್ತು ಜಂಗಮ’ ಅಂತ ನೀನೇ ಒಂದು ಹೆಸರು ಕಟ್ಟಿದ್ದೀಯ, ಅದನ್ನು ತೆಗೆ. ಮೊದಲ ಸಾಲೇ ಅದರ ಗುರುತು: ‘ಉಳ್ಳವರು ಶಿವಾಲಯವ ಮಾಡುವರು’. ಜೊತೆಗೆ ಸಂಪುಟ ಮತ್ತು ವಚನ ಸಂಖ್ಯೆ. ‘ಸಮಗ್ರ ವಚನ ಸಂಪುಟ’ದ ಹದಿನೈದು ಸಂಪುಟಗಳಲ್ಲಿ ಬಸವಣ್ಣನವರದು ಮೊದಲನೆಯದು, ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು. ಬರೀ ಸಂಖ್ಯೆ ನಂಬಬೇಡ, ಆವೃತ್ತಿಯಿಂದ ಆವೃತ್ತಿಗೆ ಅದು ಬದಲಾಗಬಹುದು. ಎ.ಕೆ. ರಾಮಾನುಜನ್ 1973ರ ಇಂಗ್ಲಿಷ್ ಅನುವಾದದಲ್ಲಿ ಬಸವಣ್ಣನವರ ವಚನಗಳಿಗೆ ಕೊಟ್ಟ ಸಂಖ್ಯೆಗಳು ಶಿ.ಶಿ. ಬಸವನಾಳರು ಸಂಪಾದಿಸಿದ ಆವೃತ್ತಿಯವು. ಆ ಸಂಖ್ಯೆಯನ್ನು ಸಮಗ್ರ ಸಂಪುಟದ ಹೆಸರಿಗೆ ಅಂಟಿಸಬೇಡ. ವಾಟ್ಸಾಪಿನಲ್ಲಿ ಬಂದ ವಚನವಾದರೆ, ಸಂಪುಟದಲ್ಲಿ ಸಿಗುವ ತನಕ ಪ್ರಬಂಧದೊಳಕ್ಕೆ ಬಿಡಲೇಬೇಡ.

ಗೈಡಿಗೆ ಕೊಡುವ ಮುಂಚೆ ವಚನಗಳ ಟಿಪ್ಪಣಿ ಮಾತ್ರ ನನಗೊಮ್ಮೆ ಕಳಿಸು. ಸಂಪುಟ ನನ್ನ ಹತ್ತಿರ ಇದೆ, ತಾಳೆ ನೋಡಿ ಹೇಳುತ್ತೇನೆ.

ನಿನ್ನ ಅತ್ತೆ